ಗುಳ್ಳಕಾಯಿಯಷ್ಟು ಹಾಲು, ಊರಗಲದ ಕೊಳ

ನೀರು ಬೆಳ್ಳಗಿತ್ತು! ಬೇರೆಲ್ಲ ಆಮೇಲೆ ಹೇಳುತ್ತೇನೆ, ಮೊದಲು ಇದನ್ನು ಕೇಳಿ. ಕಾರ್ತಿಕ ಮಾಸದ ಬೆಳಗಿನ ಹೊತ್ತು. ಬೀದಿಯ ಅಂಗಡಿಗಳ ಬಾಗಿಲು ಇನ್ನೂ ತೆರೆದಿರಲಿಲ್ಲ. ಎರಡು ಬೆಟ್ಟಗಳ ನಡುವೆ ಮಂಜು ತೊಟ್ಟಿಲಲ್ಲಿ ಮಲಗಿದ ಕೂಸಿನಂತೆ ಮಿಸುಕಾಡದೆ ಬಿದ್ದಿತ್ತು. ಶ್ರವಣಬೆಳಗೊಳದ ಕಲ್ಯಾಣಿಯ ಬಾಗಿಲ ಬಳಿ ನಿಂತು ಒಳಗೆ ಇಣುಕಿದೆ. ನಾಲ್ಕೂ ಕಡೆಯಿಂದ ಇಳಿದು ಬಂದ ಕಲ್ಲಿನ ಮೆಟ್ಟಿಲುಗಳು ಸೇರುವಲ್ಲಿ ಹಸಿರು ನೀರು ಇರಬೇಕಿತ್ತು. ಇದ್ದದ್ದು ಹಾಲು! ಮಂಜಿನ ಬಿಳುಪು, ಆಕಾಶದ ಬಿಳುಪು ಎರಡೂ ನೀರಿಗಿಳಿದು, ಅಂಚಿನಿಂದ ಅಂಚಿಗೆ ಕೆನೆಗಟ್ಟಿದ ಹಾಗೆ ನಿಂತಿದ್ದವು. ಒಂದು ಕೊಕ್ಕರೆ ಮೆಟ್ಟಿಲಿಂದ ಎದ್ದು ಹಾರಿತು. ನೀರಿನಲ್ಲಿ ಅದರ ನೆರಳೂ ಬೆಳ್ಳಗೆ ಹಾರಿತು. ನನ್ನ ಮೈಮೇಲಿನ ರೋಮ ಎದ್ದು ನಿಂತವು. ಬೆಳ್ ಎಂದರೆ ಬಿಳಿ, ಕೊಳ ಎಂದರೆ ಕೊಳ. ಬೆಳ್ಗೊಳ! ಚಿಕ್ಕಂದಿನಿಂದ ಸಾವಿರ ಸಲ ಉಚ್ಚರಿಸಿದ ಹೆಸರು ಮೊದಲ ಸಲ ಕಣ್ಣೆದುರು ನಿಂತಿತ್ತು.

ಈ ಊರಿಗೆ ನಾನು ಹೊಸಬನಲ್ಲ. ಶಾಲೆಯ ಪ್ರವಾಸದಲ್ಲಿ ಬಂದಿದ್ದೆ, 2006ರ ಮಹಾಮಸ್ತಕಾಭಿಷೇಕಕ್ಕೆ ಬಂದಿದ್ದೆ, 2018ರದಕ್ಕೂ ಬಂದಿದ್ದೆ. ಪ್ರತಿ ಸಲವೂ ಬಸ್ಸಿಳಿದು ತಲೆ ಎತ್ತಿದರೆ ಮುಗಿಯಿತು. ವಿಂಧ್ಯಗಿರಿ, ಬರಿಗಾಲು, ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ತುದಿಯಲ್ಲಿ 58 ಅಡಿಯ ಗೊಮ್ಮಟ. ಆ ಎತ್ತರದ ಮುಂದೆ ತಗ್ಗಿನಲ್ಲಿ ಏನಿದೆ ಎಂದು ಯಾರು ನೋಡುತ್ತಾರೆ? ಆದರೆ ಊರಿಗೆ ಹೆಸರು ಕೊಟ್ಟದ್ದು ಎತ್ತರದಲ್ಲಿ ನಿಂತವನಲ್ಲ, ತಗ್ಗಿನಲ್ಲಿ ನಿಂತ ನೀರು. ಈ ಸಲ ಬೆಟ್ಟ ನೋಡಲು ಬರಲಿಲ್ಲ. ನೀರು ನೋಡಲು ಬಂದೆ. ಬಂದವನಿಗೆ ಒಂದಲ್ಲ, ನಾಲ್ಕು ನೀರು ಸಿಕ್ಕವು!

ಹಿಂದಿನ ರಾತ್ರಿ ಹಿರೀಸಾವೆಯ ನೆಂಟರ ಮನೆಯಲ್ಲಿ ಉಳಿದಿದ್ದೆ. ಬೆಂಗಳೂರಿನಿಂದ ಬರುವವರು ಹೆದ್ದಾರಿ ಬಿಟ್ಟು ಬೆಳಗೊಳದ ದಾರಿಗೆ ಹೊರಳುವುದೇ ಹಿರೀಸಾವೆಯಲ್ಲಿ. ಅಲ್ಲಿಂದ ಹದಿನೆಂಟು ಕಿಲೋಮೀಟರ್. ಮಂಗಳೂರಿನ ಕಡೆ ಹೊರಟ ಲಾರಿಗಳ ಸದ್ದು ಬೆನ್ನ ಹಿಂದೆ ಕರಗಿತು, ಅಷ್ಟೇ, ಬೇರೆಯೇ ಲೋಕ! ತೆಂಗಿನ ತೋಟ, ಕಟಾವಿಗೆ ಬಂದ ರಾಗಿ ಹೊಲ, ಹೊಲದ ಬದುವಿನಲ್ಲಿ ಅವರೆ, ಮತ್ತೆ ತೆಂಗು. ತಿರುವಿಗೊಂದು ಏರಿ, ಏರಿಯಾಚೆ ಒಂದು ಕೆರೆ. ಈ ಸೀಮೆಯಲ್ಲಿ ನೀರು ಹುಡುಕಿಕೊಂಡು ಹೋಗಬೇಕಿಲ್ಲ, ಹಿರಿಯರು ಅಲ್ಲಲ್ಲೇ ಹಿಡಿದು ಕೂರಿಸಿದ್ದಾರೆ.

ಬೆಳಗೊಳದ ಕೊಳದ ಕಥೆ ನಿಮಗೆ ಗೊತ್ತಿರುವುದೇ. ಆದರೂ ಆ ಕೊಳದ ಎದುರು ನಿಂತು ಇನ್ನೊಮ್ಮೆ ನೆನೆಸಿಕೊಳ್ಳಿ, ಅದು ಹೊಸದಾಗುತ್ತದೆ. ಗಂಗರಸ ರಾಚಮಲ್ಲನ ಮಂತ್ರಿ, ದಂಡನಾಯಕ ಚಾವುಂಡರಾಯ. ತಾಯಿ ಕಾಳಲಾದೇವಿಯ ಆಸೆ, ಗುರು ನೇಮಿಚಂದ್ರರ ಮಾರ್ಗದರ್ಶನ. 981ರ ಸುಮಾರಿಗೆ ಬಂಡೆಯೊಳಗಿಂದ ಗೊಮ್ಮಟ ಎದ್ದು ನಿಂತ. ಅಂಥದ್ದು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ಮಾಡಿಸಿದವನ ಎದೆಯಲ್ಲಿ ಒಂದು ಎಳ್ಳಿನಷ್ಟು ಹೆಮ್ಮೆ ಮೊಳೆಯಿತಂತೆ. ಮೊದಲ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಬಂತು. ಸುರಿದರು, ಸುರಿದರು. ತಲೆ ನೆನೆಯಿತು, ಹೆಗಲು ನೆನೆಯಿತು, ಎದೆ ನೆನೆಯಿತು. ಹಾಲು ಅಲ್ಲಿಂದ ಕೆಳಗಿಳಿಯಲೊಲ್ಲದು! ಅಷ್ಟು ದೊಡ್ಡ ರಾಜ್ಯದ ಅಷ್ಟೂ ಹಾಲು ಆ ಪಾದ ಮುಟ್ಟದು.

ಆಗ ಒಬ್ಬಳು ಮುದುಕಿ ಬಂದಳು. ಹೆಸರಿಲ್ಲ, ಊರಿಲ್ಲ. ಕೈಯಲ್ಲಿ ಒಂದು ಗುಳ್ಳಕಾಯಿಯ ಸಿಪ್ಪೆ, ಅದರೊಳಗೆ ಒಂದಿಷ್ಟು ಹಾಲು. ನನ್ನದೂ ಒಂದು ಸೇವೆ ಆಗಲಿ ಎಂದಳು. ಸುರಿದಳು. ಹಾಲು ನೆತ್ತಿಯಿಂದ ಹೊರಟು ಎದೆ ದಾಟಿ, ತೊಡೆ ದಾಟಿ, ಪಾದ ತೊಳೆದು, ಬೆಟ್ಟವನ್ನೇ ತೊಳೆದುಕೊಂಡು ಇಳಿದು, ಬುಡದ ತಗ್ಗಿನಲ್ಲಿ ತುಂಬಿ ನಿಂತಿತು. ಬಿಳಿಯ ಕೊಳವಾಯಿತು! ಬಂದವಳು ಕೂಷ್ಮಾಂಡಿನಿ ದೇವಿಯೇ ಎನ್ನುತ್ತದೆ ನಂಬಿಕೆ. ಊರು ಮಾತ್ರ ಅವಳನ್ನು ಇಂದಿಗೂ ಕರೆಯುವುದು ಗುಳ್ಳಕಾಯಜ್ಜಿ ಎಂದೇ. ದೇವಿ ಎನ್ನುವುದಕ್ಕಿಂತ ಅಜ್ಜಿ ಎನ್ನುವುದರಲ್ಲೇ ಎಷ್ಟು ಸಲಿಗೆ, ಎಷ್ಟು ಗೌರವ!

ಇಲ್ಲಿ ಉಸಿರು ಹಿಡಿದು ಕೇಳಿ. ಆ ಗೊಮ್ಮಟನಿಗಿಂತ ಹಳೆಯ ಶಾಸನಗಳಲ್ಲೇ ಈ ಊರಿನ ಹೆಸರಿದೆ! ಎದುರಿನ ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, ಹಿಂದೆ ಕಳ್ವಪ್ಪು ಎನಿಸಿಕೊಂಡಿದ್ದ ಬೆಟ್ಟ. ಸಲ್ಲೇಖನ ಕೈಕೊಂಡ ಮುನಿಗಳ ಹೆಸರುಗಳನ್ನು ಆರೇಳನೆಯ ಶತಮಾನದಿಂದ ಬಂಡೆಯ ಮೇಲೆ ಹೊತ್ತುಕೊಂಡು ಕೂತಿದೆ. ವೆಳ್ಗೊಳ, ಬೆಳ್ಗೊಳ ಎಂಬ ಹೆಸರು ಚಾವುಂಡರಾಯ ಹುಟ್ಟುವ ಮೊದಲೇ ಜನರ ಬಾಯಲ್ಲಿತ್ತು. ಮುಂದೆ ಸಂಸ್ಕೃತದಲ್ಲಿ ಬರೆದವರು ಅದನ್ನೇ ಶ್ವೇತಸರೋವರ ಎಂದರು, ಧವಳಸರಸ ಎಂದರು. ಅಂದರೆ ಏನಾಯಿತು? ಮೊದಲು ಕೊಳ ಇತ್ತು. ಅದು ಆಗಲೇ ಬೆಳ್ಳಗಿತ್ತು. ನಾನು ಆ ಬೆಳಿಗ್ಗೆ ಕಂಡ ಹಾಗೆ ಇನ್ಯಾರೋ ಒಬ್ಬರು, ಯಾವುದೋ ಕಾಲದ ಮಂಜಿನಲ್ಲಿ, ಎರಡು ಬೆಟ್ಟಗಳ ನಡುವಿನ ಆ ನೀರನ್ನು ಕಂಡು ಬೆರಗಾಗಿ ಬೆಳ್ಗೊಳ ಎಂದರು. ಆಮೇಲೆ ಮುನಿಗಳು ಬಂದರು, ಆಮೇಲೆ ಗೊಮ್ಮಟ ನಿಂತ, ಆಮೇಲೆ ಅಜ್ಜಿ ಬಂದಳು. ಮೊದಲೇ ತುಂಬಿದ್ದ ಕೊಳಕ್ಕೆ ಜನ ತಮ್ಮ ಪ್ರೀತಿಯ ಕಥೆಯನ್ನು ಸುರಿದರು!

ಇದರಿಂದ ಕಥೆ ಸಣ್ಣದಾಯಿತೇ? ನನಗಂತೂ ಸಾವಿರ ಪಾಲು ದೊಡ್ಡದಾಯಿತು. ಕೆಲವು ಶಾಸನಗಳಲ್ಲಿ ಊರಿನ ಹೆಸರು ಬೆಳುಗುಳ ಎಂದಿದೆ. ಗೊಳ ಹೋಗಿ ಗುಳ ಆಯಿತು, ಗುಳ ಕೇಳಿದವರಿಗೆ ಗುಳ್ಳ ನೆನಪಾಯಿತು. ಒಂದೇ ಹೆಸರಿನೊಳಗೆ ಕೊಳವೂ ಇದೆ, ಗುಳ್ಳಕಾಯಿಯೂ ಇದೆ. ಕನ್ನಡದ ನಾಲಿಗೆಯೇ ಈ ಕಥೆಯನ್ನು ಹೆತ್ತಿದೆ!

ಬಿಸಿಲು ಏರುವ ಮೊದಲೇ ಬೆಟ್ಟ ಹತ್ತಿದೆ. ಗೊಮ್ಮಟನ ಪಾದಕ್ಕೆ ಕೈಮುಗಿದು, ಈ ಸಲ ಬೇರೇನನ್ನೋ ಹುಡುಕಿದೆ. ಅವನ ಎಡಗಡೆ ನೋಡಿ, ಒಂದು ದುಂಡನೆಯ ಕಲ್ಲಿನ ತೊಟ್ಟಿ ಇದೆ. ಅದರ ಹೆಸರು ಲಲಿತಸರೋವರ! ಆ ಹೆಸರನ್ನು ಎದುರಿಗಿರುವ, ಕಲ್ಲಿನಲ್ಲೇ ಕಡಿದ ಹುತ್ತದ ಮೇಲೆ ಕೆತ್ತಿದ್ದಾರೆ. ಅಭಿಷೇಕದ ನೀರು ಇಲ್ಲಿ ಸೇರುತ್ತದೆ. ತೊಟ್ಟಿ ತುಂಬಿದರೆ ಹೆಚ್ಚಾದದ್ದು ಚಪ್ಪಡಿ ಮುಚ್ಚಿದ ಕಾಲುವೆಯಲ್ಲಿ ಹರಿದು ಮೂರ್ತಿಯ ಮುಂದಿರುವ ಬಾವಿಗೆ ಬೀಳುತ್ತದೆ. ಅಲ್ಲಿಂದ ಮತ್ತೆ ಹೊರಟು ಪ್ರಾಕಾರದ ಆಚೆ, ಬಾಗಿಲ ಬಳಿಯ ಗವಿಯೊಂದಕ್ಕೆ ಇಳಿಯುತ್ತದೆ. ಆ ಬಾಗಿಲಿನ ಹೆಸರೇನು ಗೊತ್ತೇ? ಗುಳ್ಳಕಾಯಜ್ಜಿಯ ಬಾಗಿಲು! ಹಾಲು ಪಾದದಿಂದ ಹೊರಟು ಬೆಟ್ಟ ಇಳಿಯಿತು ಎಂದು ಕಥೆ ಹೇಳಿತಲ್ಲ, ಕಲ್ಲುಕುಟಿಗರು ಅದಕ್ಕೆ ದಾರಿಯನ್ನೇ ಕಡಿದಿಟ್ಟಿದ್ದಾರೆ. ಎಷ್ಟು ಸಾವಿರ ಜನ ಆ ಚಪ್ಪಡಿಗಳ ಮೇಲೆ ನಡೆದು ಹೋದರೋ, ಕಾಲಡಿಯಲ್ಲೇ ಕಥೆ ಹರಿದಿರುವುದು ಗೊತ್ತಿಲ್ಲದೆ! ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಅಜ್ಜಿಯೂ ಅಲ್ಲೇ ಇದ್ದಾಳೆ. ಗೊಮ್ಮಟನ ಎದುರಿನ ಬ್ರಹ್ಮದೇವರ ಮಂಟಪದ ಕೆಳಗೆ, ಕೈಯಲ್ಲಿ ಗುಳ್ಳಕಾಯಿ ಹಿಡಿದು ನಿಂತಿದ್ದಾಳೆ. ಆ ಶಿಲ್ಪವನ್ನು ಚಾವುಂಡರಾಯನೇ ನಿಲ್ಲಿಸಿದನೆಂದು ಪ್ರತೀತಿ. ತನ್ನ ಸೋಲನ್ನು ತಾನೇ ಕಲ್ಲಿನಲ್ಲಿ ನಿಲ್ಲಿಸಿ, ತನ್ನ ದೇವರು ಸದಾ ಅವಳನ್ನೇ ನೋಡುವಂತೆ ಮಾಡಿದ ದಂಡನಾಯಕ! ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಅವನ ಎದುರಿಗೆ ಅಜ್ಜಿ, ಅಜ್ಜಿಯಾಚೆ ಬೆಟ್ಟದ ಬುಡದಲ್ಲಿ ಕೊಳ, ಕೊಳದಾಚೆ ಚಿಕ್ಕಬೆಟ್ಟ. ಸಾವಿರ ವರ್ಷದಿಂದ ಅವನ ಮುಖ ಆ ನೀರಿನ ಕಡೆಗೇ ಇದೆ. ತುಟಿಯ ಮೇಲಿನ ಆ ನಸುನಗೆ ಯಾತಕ್ಕೆ ಎಂದು ಎಷ್ಟೋ ಜನ ಬರೆದಿದ್ದಾರೆ. ಅವನಿಗೆ ಅಲ್ಲಿಂದ ಏನು ಕಾಣುತ್ತದೆ ಎಂದು ನಾನು ಯೋಚಿಸಿದ್ದು ಅಂದೇ ಮೊದಲು.

ಬಂಡೆಯ ಮೇಲೆ ಕುಳಿತು ಕೆಳಗೆ ನೋಡುತ್ತಿದ್ದಾಗ ಇನ್ನೊಂದು ಹೊಳೆಯಿತು. ಗೊಮ್ಮಟನಿಗೆ ಸೂರಿಲ್ಲ. ಪ್ರತಿ ಮುಂಗಾರು, ಪ್ರತಿ ಹಿಂಗಾರು ಅವನ ನೆತ್ತಿಯ ಮೇಲೆ ನೇರ ಸುರಿಯುತ್ತದೆ. ಇದು ಬೋಳು ಕಲ್ಲುಬೆಟ್ಟ, ನೀರು ಹೀರಲು ಮಣ್ಣಿಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಮೈಯೆಲ್ಲ ತೊಳೆದುಕೊಂಡು ಇಳಿಯುತ್ತದೆ, ಬುಡದ ತಗ್ಗುಗಳಲ್ಲಿ ನಿಲ್ಲುತ್ತದೆ. ಮನುಷ್ಯರು ಹನ್ನೆರಡು ವರ್ಷಕ್ಕೊಮ್ಮೆ ಅಟ್ಟಣೆ ಕಟ್ಟಿ ಮಾಡುವ ಅಭಿಷೇಕವನ್ನು ಆಕಾಶ ವರ್ಷವರ್ಷವೂ ಮಾಡುತ್ತದೆ! ಒಂದೊಂದು ಹನಿಯೂ ಗುಳ್ಳಕಾಯಿಗಿಂತ ಸಣ್ಣದು, ಕೊಳ ತುಂಬುವುದು ಆ ಹನಿಗಳಿಂದಲೇ. ಮೊದಲು ಈ ಕಥೆ ಹೇಳಿದವರು ಮಳೆಗಾಲದಲ್ಲಿ ಈ ಬಂಡೆಯ ಮೇಲೆ ಬೆಳ್ಳಗೆ ನೊರೆಯೆದ್ದು ಇಳಿಯುವ ನೀರನ್ನು ನೋಡಿದ್ದರು ಎಂದು ನನ್ನ ಮನಸ್ಸು ಕೂಗಿ ಹೇಳಿತು.

ಕೆಳಗಿಳಿದು ಮತ್ತೆ ಕಲ್ಯಾಣಿಗೆ ಬಂದೆ. ಈಗ ಬಿಸಿಲು ಬಿದ್ದು ನೀರು ಹಸಿರಾಗಿತ್ತು. ಸುತ್ತ ಗೋಡೆ, ಬಾಗಿಲುಗಳ ಮೇಲೆ ಗೋಪುರ, ಉತ್ತರಕ್ಕೆ ಕಂಬಗಳ ಮಂಟಪ. ಹಳೆಯ ಕೊಳಕ್ಕೆ ಈ ರೂಪ ಕೊಡಿಸಲು ಹೊರಟವರು ಮೈಸೂರಿನ ಚಿಕ್ಕದೇವರಾಜ ಒಡೆಯರು, 1673ರಿಂದ 1704ರವರೆಗೆ ಆಳಿದವರು. ಮಂಟಪದ ಕಂಬದಲ್ಲಿ ಅವರ ಹೆಸರಿದೆ. ಅರಸರ ಟಂಕಸಾಲೆಯ ಅಧಿಕಾರಿ ಅಣ್ಣಯ್ಯ ಇದನ್ನು ಬೇಡಿಕೊಂಡನಂತೆ. ಕೆಲಸ ಮುಗಿಯುವ ಮೊದಲೇ ಅರಸರು ತೀರಿಕೊಂಡರು. ಅಣ್ಣಯ್ಯ ಬಿಡಲಿಲ್ಲ. ಅರಸರ ಮೊಮ್ಮಗ ಕೃಷ್ಣರಾಜ ಒಡೆಯರ ಕಾಲದಲ್ಲಿ ಗೋಪುರ, ಮಂಟಪ ಎಲ್ಲವನ್ನೂ ಪೂರ್ತಿ ಮಾಡಿಸಿದ. ಇದನ್ನು ಅನಂತಕವಿ ತನ್ನ ಗೊಮ್ಮಟೇಶ್ವರ ಚರಿತೆಯಲ್ಲಿ ದಾಖಲಿಸಿದ್ದಾನೆ. ನಾಣ್ಯ ಎಣಿಸುವ ಕೆಲಸದವನೊಬ್ಬ ಒಂದು ಕೊಳಕ್ಕಾಗಿ ಎರಡು ತಲೆಮಾರು ಕಾದ!

ಊರಿನೊಳಗೆ ನಡೆದೆ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿ ದಾಟಿ ದಕ್ಷಿಣಕ್ಕೆ ಹೋದರೆ ಜಕ್ಕಿಕಟ್ಟೆ. ಪ್ರವಾಸಿ ಬಸ್ಸು ಇಲ್ಲಿಗೆ ಬರುವುದಿಲ್ಲ. ಸದ್ದಿಲ್ಲ. ನೀರ ಮೇಲೆ ಮಿಂಚುಳ್ಳಿಯೊಂದು ನೀಲಿ ಗೆರೆ ಎಳೆದು ಮಾಯವಾಯಿತು. ಬಳಿಯ ಗುಂಡಿನ ಮೇಲೆ ಜಿನಬಿಂಬಗಳು, ಕೆಳಗೆ ಹಳಗನ್ನಡದ ಅಕ್ಷರಗಳು. ಕಟ್ಟೆ ಕಟ್ಟಿಸಿದವಳು ಜಕ್ಕಿಮವ್ವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅಣ್ಣನ ಹೆಂಡತಿ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಶಿಷ್ಯೆ. ಒಂಬೈನೂರು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನೀರು ಕಟ್ಟಿಸಿದಳು. ನೀರು ಇನ್ನೂ ಅವಳ ಹೆಸರಿನಲ್ಲೇ ಇದೆ!

ನಮ್ಮ ನಾಡಿನ ಕೆರೆಯ ಕಥೆಗಳನ್ನು ನೆನೆಸಿಕೊಳ್ಳಿ. ಕೆರೆಗೆ ಹಾರವಾದ ಭಾಗೀರಥಿ, ಮದಗದ ಕೆಂಚಮ್ಮ. ನೀರು ನಿಲ್ಲಬೇಕೆಂದರೆ ಹೆಣ್ಣು ಮುಳುಗಬೇಕು. ಆ ಹಾಡು ಕೇಳಿ ಅಳದವರಿಲ್ಲ. ಬೆಳಗೊಳದ ಕಥೆ ಹಾಗಿಲ್ಲ! ಇಲ್ಲಿ ಯಾರೂ ಹೆಣ್ಣನ್ನು ಬೇಡಲಿಲ್ಲ. ಅವಳೇ ನಡೆದು ಬಂದಳು, ತನ್ನಲ್ಲಿದ್ದಷ್ಟನ್ನು ಸುರಿದಳು, ಕೊಳ ತುಂಬಿತು. ಕಥೆಯೊಳಗೆ ಗುಳ್ಳಕಾಯಜ್ಜಿ, ಕಲ್ಲಿನ ಮೇಲೆ ಜಕ್ಕಿಮವ್ವೆ. ಇಬ್ಬರು ಹೆಂಗಸರು, ಎರಡು ನೀರು, ಒಂದೂ ಕೂಗಾಟವಿಲ್ಲ.

ಕಟ್ಟೆಯ ಆಚೆ ಹಿರಿಯಾಕೆಯೊಬ್ಬರು ಮೇಕೆ ಮೇಯಿಸುತ್ತಿದ್ದರು.

“ಏನಪ್ಪ, ದಾರಿ ತಪ್ತಾ? ಬೆಟ್ಟ ಆ ಕಡೀಕೆ,” ಎಂದರು.

“ಇಲ್ಲಜ್ಜಿ, ಕೊಳ ನೋಡೋಕೇ ಬಂದೆ. ಗುಳ್ಳಕಾಯಿ ಅಂದ್ರೆ ಯಾವ್ದು, ಇಲ್ಲಿ ಸಿಗುತ್ತಾ?”

ಅವರು ಕೋಲಿನಿಂದ ಬೇಲಿಯ ಮುಳ್ಳು ಸರಿಸಿ, ಒಂದು ಗಿಡದಿಂದ ನಿಂಬೆಹಣ್ಣಿನ ಗಾತ್ರದ ಕಾಯಿ ಕಿತ್ತು ನನ್ನ ಅಂಗೈಗೆ ಹಾಕಿದರು. “ಇಷ್ಟೇ ಕಣಪ್ಪ. ಉಸಾರು, ಮುಳ್ಳೈತೆ.”

ಇಷ್ಟೇ! ಮನೆಯಲ್ಲಿ ಬೇಯಿಸುವ ಬದನೆಯ ಕಾಡು ತಂಗಿಯಂಥದು. ಕಾಯಿಯನ್ನು ಎರಡು ಹೋಳು ಮಾಡಿ, ಬೀಜ ಕೆರೆದು ತೆಗೆದೆ. ಒಂದು ಹೋಳಿನಲ್ಲಿ ಕಟ್ಟೆಯ ನೀರು ತುಂಬಿದೆ. ಎರಡು ಚಮಚ ಹಿಡಿಯಿತೋ, ಮೂರು ಹಿಡಿಯಿತೋ. ಮೊಳದೆತ್ತರದ ಕಲ್ಲಿನ ನೆತ್ತಿಗೆ ಸುರಿದೆ. ನೀರು ಒಂದು ಗೇಣು ಇಳಿಯಿತು, ಎಳೆಯಾಯಿತು, ಬಿಸಿಲಿಗೆ ಆರಿತು. ಕಲ್ಲಿನ ಬುಡವನ್ನೂ ಮುಟ್ಟಲಿಲ್ಲ. ತಲೆ ಎತ್ತಿ ಬೆಟ್ಟ ನೋಡಿದೆ. 58 ಅಡಿ! ಅದರ ಕೆಳಗೆ ಇಡೀ ಬಂಡೆ! ಕಥೆ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು. ಅವರ ಬೇಲಿಯಲ್ಲೂ ಗುಳ್ಳ ಬೆಳೆದಿತ್ತು, ಅವರ ಮಕ್ಕಳೂ ಅದರಲ್ಲಿ ನೀರು ತುಂಬಿ ಆಡಿರಬೇಕು. ಅದಕ್ಕೇ ಅಜ್ಜಿಯ ಕೈಗೆ ತಂಬಿಗೆ ಕೊಡಲಿಲ್ಲ, ಬಟ್ಟಲು ಕೊಡಲಿಲ್ಲ. ಯಾರೂ ಕೊಯ್ಯದ, ಯಾರೂ ಮಾರದ, ಬೇಲಿಯ ಮುಳ್ಳಿನ ಕಾಯಿ ಕೊಟ್ಟರು. ಏನೂ ಇಲ್ಲದವರಿಗೂ ಸಿಗುವ ಪಾತ್ರೆ ಅದೊಂದೇ.

ನಾಲ್ಕನೆಯ ನೀರಿಗಾಗಿ ನಾನು ಒಂದು ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಶ್ರವಣಬೆಳಗೊಳದ ಶಾಸನಗಳನ್ನು ಮೊದಲು 1889ರಲ್ಲಿ ಪುಸ್ತಕವಾಗಿ ತಂದವರು ಬಿ. ಎಲ್. ರೈಸ್. ಆಮೇಲೆ ಆರ್. ನರಸಿಂಹಾಚಾರ್ಯರು ಬಂಡೆ ಬಂಡೆ ಹುಡುಕಿ ಇನ್ನೂ ನೂರಾರನ್ನು ಸೇರಿಸಿ 1923ರಲ್ಲಿ ಆ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟವನ್ನು ಹೊಸದಾಗಿ ಹೊರತಂದರು. ಅದರಲ್ಲಿ ದಾನದ ಶಾಸನಗಳಿವೆ, ಯುದ್ಧದವು ಇವೆ, ಸಲ್ಲೇಖನದವು ಇವೆ. ಅವುಗಳ ನಡುವೆ ಒಂದು ಶಾಸನ ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟಿದ್ದೆ! ಅದು ಚೆನ್ನಣ್ಣನ ಕೊಳದ ಶಾಸನ. ಹದಿನೇಳನೆಯ ಶತಮಾನದ ಚೆನ್ನಣ್ಣ, ಪುಟ್ಟಸಾಮಿ ಸೆಟ್ಟಿಯ ಮಗ, ದೊಡ್ಡಬೆಟ್ಟದ, ಅಂದರೆ ವಿಂಧ್ಯಗಿರಿಯ ಮೇಲೆ ಒಂದು ಬಸದಿ ಕಟ್ಟಿಸಿದವನು, ಕೆಳಗೆ ಒಂದು ಕೊಳವನ್ನೂ ತೋಡಿಸಿದ.

ಕೇಳುತ್ತಾ, ವಿಚಾರಿಸುತ್ತಾ, ತೆಂಗಿನ ನೆರಳು ಹಿಡಿದು ನಡೆದು ಅದನ್ನು ಸೇರಿದಾಗ ಹೊತ್ತು ಇಳಿದಿತ್ತು. ಕಲ್ಲು, ಹುಲ್ಲು, ನಿಂತ ನೀರು. ನನ್ನ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಹಾಳೆ ಬಿಡಿಸಿ ಗಟ್ಟಿಯಾಗಿ ಓದತೊಡಗಿದೆ. ಅದು ಅರಸರ ಬಿರುದಿನಿಂದ ಶುರುವಾಗುವ ಶಾಸನದ ಹಾಗಿಲ್ಲ. ತನ್ನ ಕೊಳ ತುಂಬಿದ್ದನ್ನು ಕಂಡು ನಿಂತಲ್ಲಿ ನಿಲ್ಲಲಾಗದ ಮನುಷ್ಯನ ಕೂಗು ಅದು! ಪ್ರಶ್ನೆಯ ಮೇಲೆ ಪ್ರಶ್ನೆ. ಇದು ಹಾಲಿನ ಕೊಳವೇ ಎನ್ನುತ್ತಾನೆ, ಅಮೃತದ್ದೇ ಎನ್ನುತ್ತಾನೆ. ಗಂಗೆ ನೆನಪಾಗುತ್ತಾಳೆ, ತುಂಗಭದ್ರೆ ನೆನಪಾಗುತ್ತಾಳೆ, ಮಂಗಳಗೌರಿ ನೆನಪಾಗುತ್ತಾಳೆ. ಬೃಂದಾವನವನ್ನು ಕರೆಯುತ್ತಾನೆ, ಶೃಂಗಾರದ ತೋಟವನ್ನು ಕರೆಯುತ್ತಾನೆ. ಯಾವ ಹೋಲಿಕೆಯೂ ಸಾಲದಾದಾಗ ಮಾತೇ ಮುರಿದು, ಬರೀ ಅಯ್ಯಯ್ಯೋ ಎನ್ನುವಂಥ ಉದ್ಗಾರಗಳಾಗಿ, ಒಳ್ಳೆಯ ತೀರ್ಥವೆಂದು ಹೊಗಳಿ, ಜಯಕಾರದಲ್ಲಿ ನಿಲ್ಲುತ್ತದೆ. ಬೆರಗಿನಿಂದ ತೊದಲುವ ಒಂದು ಗಂಟಲನ್ನು ಯಾರೋ ಕಲ್ಲಿಗೆ ಇಳಿಸಿದ್ದಾರೆ!

ಅವನು ಮೊದಲು ಕೇಳಿದ್ದು ಏನನ್ನು, ಗಮನಿಸಿದಿರಾ? ಹಾಲು! ಬೆಳಗೊಳದಲ್ಲಿ ಹುಟ್ಟಿ ಬೆಳೆದ ಕಥೆ ಅವನ ಕಣ್ಣಿನಲ್ಲೇ ಇತ್ತು. ತುಂಬಿದ ನೀರು ಕಂಡ ಕೂಡಲೇ ಅಜ್ಜಿಯ ಹಾಲು ಬಾಯಿಗೆ ಬಂತು. ಅಂದಿನಿಂದ ಇಂದಿಗೆ ಮುನ್ನೂರೈವತ್ತು ವರ್ಷ. ಅದೇ ಬೆಳಿಗ್ಗೆ ಕಲ್ಯಾಣಿಯ ಬಾಗಿಲಲ್ಲಿ ನಿಂತು ನಾನು ಅಂದುಕೊಂಡದ್ದೂ ಹಾಲೆಂದೇ. ಮೊಟ್ಟಮೊದಲು ಬೆಳ್ಗೊಳ ಎಂದು ಹೆಸರಿಟ್ಟವರು ಅಂದುಕೊಂಡದ್ದೂ ಅದನ್ನೇ ಇರಬೇಕು. ಒಂದೇ ಬೆರಗು, ಒಬ್ಬರ ಬಾಯಿಂದ ಒಬ್ಬರ ಬಾಯಿಗೆ, ಸಾವಿರದ ಮುನ್ನೂರು ವರ್ಷ ಆರದೆ ಬಂದಿದೆ. ಗೊಮ್ಮಟನನ್ನು ಕಡಿದಿಡಲು ಬಂಡೆ ಇತ್ತು. ಈ ಬೆರಗನ್ನು ಕಾಪಾಡಿದ್ದು ನಿಲ್ಲದೆ ಬದಲಾಗುವ ನೀರು, ನಿಲ್ಲದೆ ಹೇಳುವ ಜನ.

ನೀವೂ ಹೋಗಿ. ಹಿರೀಸಾವೆಯಲ್ಲಿ ತಿರುಗಿ, ಹೊತ್ತು ಮೂಡುವ ಮೊದಲೇ ಬೆಳಗೊಳ ಸೇರಿ. ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಡುವ ಮೊದಲು ಬೆನ್ನು ತಿರುಗಿಸಿ ಒಮ್ಮೆ ಕೊಳ ನೋಡಿ. ಮೇಲೆ ಹೋದಾಗ ಲಲಿತಸರೋವರವನ್ನು ಹುಡುಕಿ, ಕಾಲಡಿಯ ಚಪ್ಪಡಿಗಳನ್ನು ಗಮನಿಸಿ. ಮಕ್ಕಳಿದ್ದರೆ ಬೇಲಿಯಲ್ಲಿ ಒಂದು ಗುಳ್ಳಕಾಯಿ ಹುಡುಕಿಸಿ, ಅದರಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಅವರೇ ಅಳೆಯಲಿ. ಆಮೇಲೆ ಕಥೆ ಹೇಳಿ.

ಹಿರೀಸಾವೆಗೆ ಹಿಂತಿರುಗುವಾಗ ಕತ್ತಲಾಗುತ್ತಿತ್ತು. ದಾರಿಯ ಕೆರೆಗಳೆಲ್ಲ ಉಳಿದ ಬೆಳಕನ್ನೆಲ್ಲ ತಮ್ಮೊಳಗೆ ಎಳೆದುಕೊಂಡು, ಹೊಲಗಳು ಕಪ್ಪಾದ ಮೇಲೂ ಬೆಳ್ಳಗೆ ಉಳಿದಿದ್ದವು. ಒಂದು ದಾಟಿದರೆ ಇನ್ನೊಂದು. ಹೆದ್ದಾರಿಯ ದೀಪಗಳು ಕಾಣುವ ಹೊತ್ತಿಗೆ ಜೇಬಿಗೆ ಕೈ ಹಾಕಿದೆ. ಚೆನ್ನಣ್ಣನ ಹಾಳೆಯ ಪಕ್ಕದಲ್ಲಿ ಗುಳ್ಳಕಾಯಿಯ ಅರ್ಧ ಹೋಳು ಸಿಕ್ಕಿತು. ಒಳಗೆ ಇನ್ನೂ ಒದ್ದೆಯಿತ್ತು.